ಪಾಯಿಂಟಿಗೆ ಬೀಗ ಹಾಕಿದ್ದೆ

೧೯೭೪, ಮೇ ೨, ಗುರುವಾರ. ಅಜ್ಜಂಪುರ

ತರೀಕೆರೆಯ ಡಾಕ್ಟರ ಅಪ್ಪಣೆ ಮೇರೆಗೆ ಈ ಪುಸ್ತಕ ಶುರುವಾಗಿದೆ. "ತೀರ್ಥಪ್ಪನವರೇ, ನಿಮ್ಮ ಬಿ.ಪಿ. ಇರೋದು ನಿಮ್ಮ ನಾಲಿಗೇಲಿ. ಸಿಟ್ಟು ಬಂದಾಗ ಬಾಯಿ ಬಿಡಬೇಡಿ, ಕೂತು ಬರೀರಿ" ಅಂದರು. ಮೂವತ್ತು ವರ್ಷ ರೈಲ್ವೆಯ ರಿಜಿಸ್ಟರು ಬರೆದ ಕೈಗೆ ಇದೂ ಒಂದು ರಿಜಿಸ್ಟರು. ಮಲ್ಲಿಕಾಂಬ ಓದುವುದಿಲ್ಲ ಅಂತ ಆಣೆ ಮಾಡಿದ್ದಾಳೆ. ಹೆಂಡತಿಯ ಆಣೆ ಎಷ್ಟು ದಿನವೋ ನೋಡೋಣ.

ಆದರೆ ಇವತ್ತು ಬರೆಯುತ್ತಿರುವುದು ಸಿಟ್ಟಿನಿಂದಲ್ಲ. ಕೆಲಸದ ಮೇಲೆ ಕಡೂರಿಗೆ ಹೋಗಿದ್ದೆ. ಯೂನಿಯನ್ನಿನ ದೊಡ್ಡವರನ್ನೆಲ್ಲ ಹಿಡಿದು ಒಳಗೆ ಹಾಕಿದರು ಅನ್ನುವ ಸುದ್ದಿ ಬಂದು, ಹಳಿ ರಿಪೇರಿ ಮಾಡುವ ಗ್ಯಾಂಗಿನ ಆಳುಗಳು ಪ್ಲಾಟ್‌ಫಾರಮ್ಮಿನ ಮೇಲೆ ಕೂಗಾಡುತ್ತಿದ್ದರು. ಪೊಲೀಸರು ಬಂದರು. ಒಬ್ಬನನ್ನು ಕೆಡವಿಕೊಂಡು ಬೂಟುಗಾಲಲ್ಲಿ ಬಾಯಿಗೆ ಒದ್ದರು. ಎರಡು ಹಲ್ಲು ನಲ್ಲಿಕಟ್ಟೆಯ ಹತ್ತಿರ ಹೋಗಿ ಬಿದ್ದವು. ಪೊಲೀಸರು ಅತ್ತ ಹೋದ ಮೇಲೆ ಅವನು ಅಂಬೆಗಾಲಿಟ್ಟುಕೊಂಡು ಹೋಗಿ ಹಲ್ಲುಗಳನ್ನು ಹುಡುಕಿ ಅಂಗಿಯ ಜೇಬಿಗೆ ಹಾಕಿಕೊಂಡ. ಉದುರಿದ ಹಲ್ಲನ್ನು ಇಟ್ಟುಕೊಂಡು ಏನು ಮಾಡುತ್ತಾನೆ ಪಾಪ!

ಮನುಷ್ಯ ಮನುಷ್ಯನಿಗೆ ಹೀಗೆ ಹೊಡೆಯಬಹುದೆ? ಮನೆಗೆ ಬಂದರೂ ಊಟ ಸೇರಲಿಲ್ಲ. ಮಜ್ಜಿಗೆ ಕುಡಿದು ಮಲಗುತ್ತೇನೆ.

ಮೇ ೪, ಶನಿವಾರ

ಜಗಲಿಯ ಮೇಲೆ ರೇಡಿಯೋ ಹಾಕಿಕೊಂಡು ಕೂತಿದ್ದೆ. ಓಬಳಪ್ಪ ಎಂದಿನಂತೆ ಮೆಟ್ಟಿಲ ಕೆಳಗೆ ಕೂತಿದ್ದ. ಎಷ್ಟು ಸಲ ಮೇಲೆ ಬಾ ಅಂದರೂ ಬರುವುದಿಲ್ಲ; ನಿಜ ಹೇಳಬೇಕೆಂದರೆ ನಾನೂ ಜೋರಾಗಿ ಕರೆದಿಲ್ಲ.

ಪಾರ್ಲಿಮೆಂಟಿನಲ್ಲಿ ನಮ್ಮದೇ ಮಾತಂತೆ. ರೈಲ್ವೆ ದೇಶದ ನರನಾಡಿ, ಅದನ್ನು ನಿಲ್ಲಿಸುವವರು ದೇಶದ್ರೋಹಿಗಳು ಅಂತ ಒಬ್ಬ. ಹದಿನಾರು ಗಂಟೆ ದುಡಿಸಿಕೊಂಡರೆ ನರವೂ ಹರಿಯುತ್ತೆ ಅಂತ ಇನ್ನೊಬ್ಬ. ಮುಷ್ಕರವನ್ನೇ ನಿಷೇಧಿಸಿ, ಮಿಲಿಟರಿ ಕೈಗೆ ಕೊಡಿ, ಇಲ್ಲದಿದ್ದರೆ ರೈಲ್ವೆಗೆ ಭವಿಷ್ಯವಿಲ್ಲ ಅಂತ ಮತ್ತೊಬ್ಬ. ಓಬಳಪ್ಪ ಎಲ್ಲ ಕೇಳಿಸಿಕೊಂಡು, "ಅಲ್ಲಿ ಮಾತಾಡೋರ್ನಾಗೆ ಒಬ್ರಾದ್ರೂ ಪಾಯಿಂಟ್ ಎಳ್ದವ್ರಾ ಸ್ವಾಮಿ?" ಅಂದ. ನಗು ಬಂತು.

ಇವನು ನಮ್ಮ ಪಾಯಿಂಟ್ಸ್‌ಮನ್. ರೈಲು ಯಾವ ಹಳಿಗೆ ತಿರುಗಬೇಕು ಅನ್ನುವುದು ಪಾಯಿಂಟಿನ ಕೈಲಿ, ಪಾಯಿಂಟು ಇವನ ಕೈಲಿ. ಕಂಬಿ ಕೂಡಿಸಿ, ಅದು ಅಲುಗದ ಹಾಗೆ ಬೀಗ ಜಡಿದು, ದೂರದಲ್ಲಿ ಇವನು ಹಸಿರು ಬಾವುಟ ಎತ್ತಿದರೆ ನಾನು ಆಫೀಸಿನಲ್ಲಿ ಸಿಗ್ನಲ್ ಇಳಿಸುವುದು. ನಾನು ಹೋಗಿ ನೋಡುವುದಿಲ್ಲ. ಹನ್ನೊಂದು ವರ್ಷ ಇವನ ಬಾವುಟವನ್ನು ನಂಬಿದ್ದೇನೆ. ಮಲ್ಲಿಕಾಂಬ ಹಾಕಿದ ಉಪ್ಪನ್ನು ಅಷ್ಟು ನಂಬಿಲ್ಲ.

"ಎಂಟ್ನೇ ತಾರೀಕು ಮುಷ್ಕರದಾಗೆ ನಾನೂ ನಿಲ್ತೀನಿ ಸ್ವಾಮಿ," ಅಂದ. "ನೀವು?"

ನಾನು ರೇಡಿಯೋ ದನಿ ಜೋರು ಮಾಡಿದೆ. ಹನ್ನೊಂದು ವರ್ಷದಿಂದ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿಯೇ ಕೊಳೆಯುತ್ತಿದ್ದೇನೆ. ತರೀಕೆರೆಗೆ ಸ್ಟೇಷನ್ ಮಾಸ್ಟರಾಗಿ ಹೋಗಬೇಕು, ಅದು ಮಲ್ಲಿಕಾಂಬಳ ತೌರು, ಅವಳ ಅಣ್ಣಂದಿರ ಮುಂದೆ ಒಂದು ಸಲ ತಲೆಯೆತ್ತಿ ನಡೆಯಬೇಕು. ಈಗ ಕೆಲಸ ಬಿಟ್ಟರೆ ಅದೂ ಹೋಯಿತು. ಓಬಳಪ್ಪನಿಗೆ ಇದೆಲ್ಲ ಹೇಳಿದರೆ ಅರ್ಥವಾಗುತ್ತದೆಯೆ?

ಮೇ ೭, ಮಂಗಳವಾರ

ಓಬಳಪ್ಪ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತ. ಸಮಸ್ಯೆ ಏನಪ್ಪಾ ಅಂದರೆ ಬೀಗದ ಕೈ. ಪಾಯಿಂಟಿನ ಬೀಗದ ಕೈಯನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಾನೆ, ಸ್ನಾನಕ್ಕೂ ಬಿಚ್ಚುವುದಿಲ್ಲ. ಬದಲಿಗೆ ಬರುವ ಪಾಯಿಂಟ್ಸ್‌ಮನ್ನನ ಕೈಗಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ, ಅದು ಅವರಲ್ಲಿ ಅಪ್ಪನ ಕಾಲದಿಂದ ಬಂದ ಕಟ್ಟು.

"ನಾಳೆ ಬದ್ಲಿ ಯಾರೂ ಬರಾಕಿಲ್ಲ. ಯಾರ್ ಕೈಗೆ ಕೊಡ್ಲಿ ಸ್ವಾಮಿ? ಗೂಟಕ್ಕೆ ನೇತಾಕಿ ಹೋಗಾಕೆ ಮನಸ್ಸು ಒಪ್ಪಾಕಿಲ್ಲ."

"ನಿನ್ನ ಹತ್ರಾನೇ ಇಟ್ಕೋ ಕಣೋ," ಅಂದೆ. "ನನ್ನ ಹತ್ರ ಆಫೀಸಿಂದು ಇನ್ನೊಂದಿದೆ."

ಸಮಾಧಾನವಾಗಿ ಹೋದ. ಮುಷ್ಕರ ಮಾಡುವವನಿಗೂ ಎಂಥ ನೇಮ ನೋಡಿ!

ಮೇ ೮, ಬುಧವಾರ

ಮುಷ್ಕರ. ಸ್ಟೇಷನ್ ಮಾಸ್ಟರಿಗೆ ಸರಿಯಾಗಿ ಇವತ್ತೇ ಭೇದಿ ಶುರುವಾಗಿ ರಜೆ ಹಾಕಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಳಿದವನು ನಾನೊಬ್ಬ, ಜೊತೆಗೆ ಇಬ್ಬರು ಹೋಂಗಾರ್ಡುಗಳು. ಅವರು ಎಂಜಿನ್ನಿನ ಹಿಂದೆ ಮುಂದೆ ಗೊತ್ತಿಲ್ಲದವರು.

ಗೇಟಿನ ಹತ್ತಿರ ಗ್ಯಾಂಗಿನ ಬಸವರಾಜ, ಅವನೇ ಇಲ್ಲಿಯ ಯೂನಿಯನ್ ಸೆಕ್ರೆಟರಿ, ಐವತ್ತು ಜನರ ಮುಂದೆ ನನ್ನ ಕೆನ್ನೆಗೆ ಹೊಡೆದ. "ನಮ್ ಹೊಟ್ಟೆ ಮೇಲೆ ಕಾಲಿಟ್ಟು ಮಾಸ್ಟರಾಗ್ತೀಯೇನೋ?" ಅಂದ. ಏಕವಚನ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೆನ್ನೆ ಉರಿಯುತ್ತಿದೆ. ಬರೆದರೆ ಸಿಟ್ಟು ಇಳಿಯುತ್ತೆ ಅಂದ ಡಾಕ್ಟರಿಗೆ ಯಾರೂ ಹೊಡೆದಿಲ್ಲ.

ಮೇ ೧೦, ಶುಕ್ರವಾರ

ಸರ್ಕಾರದ ಮೇಲೆ ತಂದ ಅವಿಶ್ವಾಸ ಬಿದ್ದುಹೋಯಿತಂತೆ. ಕೈಯೆತ್ತಿ ಎಣಿಸಿ ಮುಗಿಸಿದರು. ಇಲ್ಲಿ ಕೈಯೆತ್ತಿದವರು ಕಲ್ಲು ಹಿಡಿದು ಎತ್ತಿದರು. ಬೆಳಿಗ್ಗೆ ಮನೆ ಬಾಗಿಲಿಗೆ ಚಪ್ಪಲಿ ಹಾರ, ಗೋಡೆಗೆ ಸಗಣಿ. ಹೊರಗೆ ಬಂದವನ ಹಣೆಗೆ ಒಂದು ಜಲ್ಲಿಕಲ್ಲು ಬಿದ್ದು ರಕ್ತ ಕಣ್ಣಿಗಿಳಿಯಿತು. ನಮ್ಮ ಹಳಿಗೆ ಹಾಕುವ ಜಲ್ಲಿಯೇ.

ಓಬಳಪ್ಪ ಎಲ್ಲಿಂದಲೋ ಓಡಿ ಬಂದು ನನ್ನ ಮುಂದೆ ಕೈ ಅಗಲಿಸಿ ನಿಂತುಬಿಟ್ಟ. "ಹೊಡೀರ್ಲಾ, ನನ್ಗೆ ಹೊಡೀರಿ. ಹೆಂಗಸ್ರು ಮಕ್ಳಿರೋ ಮನೆ ಕಣ್ರಲಾ" ಅಂತ ಕೂಗಿದ. ಎರಡು ಕಲ್ಲು ಅವನಿಗೂ ಬಿದ್ದವು. ಆಮೇಲೆ ಚದುರಿದರು. ಅವನ ಹೆಂಡತಿ ಹಾಲಮ್ಮ ಬಂದು ಮಲ್ಲಿಕಾಂಬಳ ಜೊತೆ ಗೋಡೆ ತೊಳೆದಳು.

ಅವನಿಂದ ಉಳಿದೆ ಅಂತ ಊರೆಲ್ಲ ಹೇಳಿಕೊಳ್ಳುತ್ತಾರೆ ಇನ್ನು. ನನಗೆ ಅವನ ಉಪಕಾರ ಬೇಕಿರಲಿಲ್ಲ.

ಮೇ ೧೪, ಮಂಗಳವಾರ

ಎಲ್ಲ ಇದ್ದ ಹಾಗೆ ಬರೆಯಬೇಕು.

ಮಧ್ಯಾಹ್ನ ಮೂರಕ್ಕೆ ಶಿವನಿ ಕಡೆಯಿಂದ ಕಲ್ಲಿದ್ದಲಿನ ಗೂಡ್ಸ್ ಬರುವುದಿತ್ತು. ಪಾಯಿಂಟ್ಸ್‌ಮನ್ ಇಲ್ಲ, ಹೋಂಗಾರ್ಡುಗಳನ್ನು ನಂಬುವಂತಿಲ್ಲ. ನಾನೇ ಬಿಸಿಲಲ್ಲಿ ಶಿವನಿ ಕಡೆಯ ಪಾಯಿಂಟಿಗೆ ಹೋದೆ. ಕಾಲು ಮೈಲಿಗೂ ಸ್ವಲ್ಪ ಕಡಿಮೆ. ಕಂಬಿ ಎಳೆದು ಕೂಡಿಸಿದೆ. ಅಷ್ಟರಲ್ಲಿ ಆಫೀಸಿನಲ್ಲಿ ಬೀರೂರು ಸ್ಟೇಷನ್ನಿನವರು ಕರೆಯುವ ಗಂಟೆ ಹೊಡೆದುಕೊಳ್ಳಲು ಶುರುವಾಯಿತು. ಹೊಡೆದೇ ಹೊಡೆಯಿತು. ಬೀಗ ಹಾಕಿ ಓಡಿದೆ. ಉಬ್ಬಸ ಬಂತು. ಸಿಗ್ನಲ್ ಇಳಿಸಿದೆ.

ಗಾಡಿ ನಿಧಾನವಾಗಿಯೇ ಬಂತು. ಎಂಜಿನ್ನು ಪಾಯಿಂಟಿನ ಮೇಲೆ ಬಂದಾಗ ಕಂಬಿ ಬಾಯಿ ಬಿಟ್ಟಿತು. ಎಂಜಿನ್ನಿನ ಮುಂದಿನ ಗಾಲಿ ಒಂದು ಕಡೆ, ಹಿಂದಿನದು ಒಂದು ಕಡೆ. ಎಮ್ಮೆ ಕೆಸರಿನಲ್ಲಿ ಮಗುಚಿದ ಹಾಗೆ ಮಗುಚಿತು. ಉಗಿ ಸಿಡಿಯಿತು. ನಾನು ಹೋಗುವ ಹೊತ್ತಿಗೆ ಡ್ರೈವರು ಕಾಲು ಮುರಿದುಕೊಂಡು ಹೊರಗೆ ಬಿದ್ದಿದ್ದ. ಒಲೆಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಒಳಗಿದ್ದ. ಹೊರಗೆಳೆಯಲು ಅವನ ಕೈ ಹಿಡಿದೆ, ಚರ್ಮ ನನ್ನ ಕೈಗೆ ಬಂತು. ಅರಸೀಕೆರೆಯವನಂತೆ. ಹೆಂಡತಿ ಬಸುರಿ ಅಂತ ಹೆದರಿ, ಮುಷ್ಕರ ಬಿಟ್ಟು ಇವತ್ತೇ ಕೆಲಸಕ್ಕೆ ಬಂದಿದ್ದನಂತೆ. ನೀರು ಕೇಳಿದ, ಕುಡಿಯಲಾಗಲಿಲ್ಲ. ನನ್ನ ತೊಡೆಯ ಮೇಲೆ ಸತ್ತ.

ಬೀಗ ಹಾಕಿ ಓಡಿದೆ. ಹಾಗಂತ ಮೇಲೆ ಬರೆದಿದ್ದೇನೆ.

ಮೇ ೧೫, ಬುಧವಾರ

ಮಲ್ಲಿಕಾಂಬ ನನ್ನ ಕೋಟು ಒಗೆಯಲು ತೆಗೆದುಕೊಂಡವಳು ಹಿತ್ತಲಿಂದ ವಾಪಸು ಬಂದಳು. "ಏನ್ರೀ ಇದು, ಜೇಬಲ್ಲಿ ಬೀಗ ಐತಲ್ಲ?" ಅಂದಳು.

ಪಾಯಿಂಟಿನ ಬೀಗ. ಹಿತ್ತಾಳೆಯದು, ಸ್ಟೇಷನ್ನಿನ ಮುದ್ರೆ ಹೊಡೆದದ್ದು. ಅದು ಇರುವುದೇ ಒಂದು.

ಆ ಗಂಟೆ! ಆ ಗಂಟೆ ಹೊಡೆಯದಿದ್ದರೆ ಹಾಕುತ್ತಿದ್ದೆ. ಕೈಯಲ್ಲಿ ಹಿಡಿದಿದ್ದೆ, ಹಾಕಬೇಕು ಅಂತಲೇ ಹಿಡಿದಿದ್ದೆ. ಹಾಕಬೇಕು ಅಂದುಕೊಂಡದ್ದಕ್ಕೂ ಹಾಕಿದ್ದಕ್ಕೂ ನಡುವೆ ಎಷ್ಟು ಹೊತ್ತು, ಒಂದು ನಿಮಿಷ. ಒಂದು ನಿಮಿಷಕ್ಕೆ ಒಬ್ಬ ಮನುಷ್ಯನನ್ನು ಜೈಲಿಗೆ ಹಾಕುತ್ತಾರೆಯೆ?

ಬೀಗವನ್ನು ಅವಳ ಕೈಯಿಂದ ಇಸಿದುಕೊಂಡೆ. "ಹಳೇದು ಕಣೇ" ಅಂದೆ. ಅವಳು ನನ್ನನ್ನೇ ನೋಡಿದಳು. ಸಂಜೆ ಅದನ್ನು ಕೆರೆಗೆ ಎಸೆದು ಬಂದೆ.

ಪೊಲೀಸ್ ಇನ್‌ಸ್ಪೆಕ್ಟರ್ ಸ್ಟೇಷನ್ನಿಗೆ ಬಂದಿದ್ದ. ಸಿಗರೇಟು ಸೇದುವವನು, ಮಾತು ಬಹಳ ಮೃದು. "ನೋಡಿ ಮಾಸ್ಟರೇ, ಲೆಕ್ಕ ಸುಲಭ. ಬೀಗ ಹಾಕಿರ್ಲಿಲ್ಲ ಅಂದ್ರೆ ನೀವು ಒಳಗೆ. ಹಾಕಿದ್ರಿ ಅಂದ್ರೆ ತೆಗೆದೋನು ಒಳಗೆ. ನೀವೇ ಹೇಳಿ." ಆಮೇಲೆ, "ಇನ್ನೊಂದು ಕೀ ಯಾರ ಹತ್ರ ಇದೆ?" ಅಂದ.

ಪ್ರಶ್ನೆ ಕೇಳಿದರು, ಗೊತ್ತಿದ್ದದ್ದನ್ನು ಹೇಳಿದೆ. ಓಬಳಪ್ಪನ ಹತ್ತಿರ ಇದೆ. ಸುಳ್ಳೇನು ಹೇಳಲಿಲ್ಲವಲ್ಲ. ಹೇಳಿಕೆಯಲ್ಲಿ ಬೀಗ ಹಾಕಿದ್ದೆ ಅಂತ ಬರೆದಿದ್ದರು, ಸಹಿ ಮಾಡಿದೆ.

ಮೇ ೧೬, ಗುರುವಾರ

ಓಬಳಪ್ಪನನ್ನು ಹಿಡಿದರು. ಉಣ್ಣುತ್ತಿದ್ದವನನ್ನು ಎಳೆದು ಪಂಚೆ ಕಿತ್ತರು. ಉಡಿದಾರದಲ್ಲಿ ಕೀ ಸಿಕ್ಕಿತು. "ಇಟ್ಕೋ ಅಂದೋರು ಸ್ವಾಮಿಯೋರೇ, ಕೇಳಿ ಬೇಕಾರೆ!" ಅಂತ ನನ್ನ ಕಡೆ ಕೈ ತೋರಿಸಿದ. ನಾನು ಕ್ವಾರ್ಟರ್ಸಿನ ಕಾಗದ ನೋಡುತ್ತಿದ್ದೆ. ಅವನಿದ್ದ ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡಿಸಲು ಆರ್ಡರು ಬಂದಿತ್ತು, ನನ್ನ ಸಹಿ ಬೇಕಿತ್ತು.

ಪಾತ್ರೆ, ಒಲೆ, ಕೋಳಿ ಪಂಜರ ಎಲ್ಲ ಹೊರಗೆ ಬಿದ್ದವು. ಹಾಲಮ್ಮ ಬಾಗಿಲ ಕಟ್ಟು ಹಿಡಿದುಕೊಂಡು ಬಿಡಲಿಲ್ಲ. ಪೇದೆ ಅವಳ ಬೆರಳಿನ ಮೇಲೆ ಲಾಠಿಯಿಂದ ಕುಟ್ಟಿದ. "ಅಮ್ಮೋರೇ, ಒಂದ್ ಮಾತ್ ಹೇಳ್ರಮ್ಮೋ" ಅಂತ ಮಲ್ಲಿಕಾಂಬಳನ್ನು ಕೂಗಿದಳು. ಇವಳು ಓಡಿ ಹೋಗುತ್ತಿದ್ದಳು, ನಾನು ಸೆರಗು ಹಿಡಿದು ನಿಲ್ಲಿಸಿದೆ. ಮುದ್ದೆಯ ಪಾತ್ರೆ ಕಾಲಿಗೆ ಅಡ್ಡ ಬಂತು, ಒದ್ದೆ.

"ನೀವಾ ಒದ್ದಿದ್ದು?" ಅಂದಳು ಮಲ್ಲಿಕಾಂಬ. ಅಡ್ಡ ಬಂದದ್ದನ್ನು ಒದೆಯದೆ ಪೂಜೆ ಮಾಡಬೇಕಿತ್ತೆ?

ಮೇ ೧೯, ಭಾನುವಾರ

ಇನ್‌ಸ್ಪೆಕ್ಟರ್ ಕರೆಸಿದ. ಲಾಕಪ್ಪಿನಲ್ಲಿ ಓಬಳಪ್ಪನನ್ನು ಮೂರು ದಿನದಿಂದ ಅಂಗಾಲಿಗೆ ಹೊಡೆಯುತ್ತಿದ್ದಾರಂತೆ, ಒಪ್ಪಿಕೊಳ್ಳುತ್ತಿಲ್ಲವಂತೆ. ಪಾದ ಎರಡೂ ಊದಿ ಸೋರೆಕಾಯಿಯಾಗಿದ್ದವು. ಉಗುರುಗಳು ಕಪ್ಪಾಗಿದ್ದವು. ಗೋಡೆಗೆ ಒರಗಿ ಕೂತಿದ್ದವನು ನನ್ನನ್ನು ನೋಡಿ ನಕ್ಕ. ನಕ್ಕ! ಮನೆಯವರು ಬಂದರೆ ನಗುವ ಹಾಗೆ.

"ಬಂದ್ರಾ ಸ್ವಾಮಿ. ನೀವ್ ಬತ್ತೀರಿ ಅಂತ ಗೊತ್ತಿತ್ತು. ಹೇಳಿ ಇವ್ರಿಗೆ. ಕೀ ನೀವೇ ಇಟ್ಕೋ ಅಂದ್ರಿ ಅಂತ. ನಾನು ಅತ್ಲಾಗೆ ಕಾಲೇ ಇಕ್ಕಿಲ್ಲ ಸ್ವಾಮಿ. ನೀವೇ ಮರ್ತಿದ್ರೆ ಅದ್ನಾದ್ರೂ ಹೇಳಿ, ಓಡಾಟದಾಗೆ ಯಾರಾದ್ರೂ ಮರೀತಾರೆ, ತಪ್ಪೇನೈತೆ…"

ಇನ್‌ಸ್ಪೆಕ್ಟರ್ ಸಿಗರೇಟು ಬಾಯಿಂದ ತೆಗೆದು ನನ್ನ ಮುಖ ನೋಡಿದ. ಲಾಠಿ ಅಲ್ಲೇ ಮೇಜಿನ ಮೇಲಿತ್ತು. ತೆಗೆದುಕೊಂಡು ಎರಡು ಬಿಟ್ಟೆ. ಒಂದು ಭುಜಕ್ಕೆ, ಒಂದು ಮುಖಕ್ಕೆ. ಮುಖಕ್ಕೆ ಅಂತ ಬೀಸಿರಲಿಲ್ಲ, ಅವನೇ ಮುಖ ಎತ್ತಿದ. ಕಿವಿಯಿಂದ ರಕ್ತ ಬಂತು.

"ಸಾಕು ಮಾಸ್ಟರೇ, ನಮಗೂ ಸ್ವಲ್ಪ ಉಳಿಸಿ" ಅಂತ ಇನ್‌ಸ್ಪೆಕ್ಟರ್ ನಕ್ಕು ಚಹಾ ತರಿಸಿದ. ಕುಡಿದೆ. ಅಂಥ ಒಳ್ಳೆ ಚಹಾ ಅಜ್ಜಂಪುರದಲ್ಲಿ ಸಿಗುತ್ತದೆ ಅಂತ ಗೊತ್ತಿರಲಿಲ್ಲ. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ, ಎಷ್ಟೋ ದಿನದ ಮೇಲೆ.

ಮೇ ೨೮, ಮಂಗಳವಾರ

ಮುಷ್ಕರ ಬಿತ್ತು. ಬೇಷರತ್ತಾಗಿ ವಾಪಸು. ಬಸವರಾಜ ಕೈಮುಗಿದುಕೊಂಡು ಡ್ಯೂಟಿಗೆ ಸೇರಿಸಿಕೊಳ್ಳಿ ಅಂತ ಬಂದ. ಸೇರಿಸಿಕೊಳ್ಳುವುದು ಬಿಡುವುದು ನನ್ನ ಕೈಲಿಲ್ಲ, ಅದು ಅವನಿಗೆ ಗೊತ್ತಿಲ್ಲ. ಮೂರು ಗಂಟೆ ಪ್ಲಾಟ್‌ಫಾರಮ್ಮಿನ ಬಿಸಿಲಲ್ಲಿ ನಿಲ್ಲಿಸಿದೆ. ಆಮೇಲೆ ಹತ್ತಿರ ಕರೆದು, ಎಲ್ಲರೂ ನೋಡುವ ಹಾಗೆ, ಅದೇ ಕೆನ್ನೆಗೆ ಕೊಟ್ಟೆ. ಮಾಡಿದ್ದುಣ್ಣೋ ಮಹಾರಾಯ. ಅವನು ತುಟಿ ಒರೆಸಿಕೊಂಡು "ಸರಿ ಸಾರ್" ಅಂದ.

ಜೂನ್ ೧೭, ಸೋಮವಾರ

ತರೀಕೆರೆ ಡಾಕ್ಟರ ಹತ್ತಿರ ಹೋಗಿದ್ದೆ. ಬಿ.ಪಿ. ಇಳಿದಿದೆ! "ಬರೀತಾ ಇದೀರಾ?" ಅಂದರು. ಬರೀತಿದೀನಿ ಅಂದೆ. "ನೋಡಿ, ಸಿಟ್ಟು ಬಿಟ್ಟರೆ ಮನುಷ್ಯ ನೂರು ವರ್ಷ ಬದುಕ್ತಾನೆ."

ನಿಜ. ನನಗೆ ಈಗ ಸಿಟ್ಟೇ ಬರುವುದಿಲ್ಲ.

ಆಗಸ್ಟ್ ೩, ಶನಿವಾರ

ಮತ್ತೆ ಪಾರ್ಲಿಮೆಂಟು. ಕೆಲಸ ಕಳೆದುಕೊಂಡವರನ್ನು ವಾಪಸು ತೆಗೆದುಕೊಳ್ಳಿ ಅಂತ ವಿರೋಧ ಪಕ್ಷದವರು, ರೈಲ್ವೆ ಉಳಿಯಬೇಕಾದರೆ ಶಿಸ್ತು ಬೇಕು ಅಂತ ಸರ್ಕಾರದವರು. ಪಾಯಿಂಟು ಕಿತ್ತು ಗಾಡಿ ಬೀಳಿಸಿ ಅಮಾಯಕರನ್ನು ಕೊಂದವರಿಗೂ ಕರುಣೆ ಬೇಕೆ ಅಂತ ಒಬ್ಬರು ಗುಡುಗಿದರಂತೆ. ಸಭೆಯಲ್ಲಿ ಮೇಜು ಕುಟ್ಟಿದರಂತೆ.

ಊರಿನ ಹೆಸರು ಹೇಳಲಿಲ್ಲ. ಆದರೂ ಅದು ನಮ್ಮ ಅಜ್ಜಂಪುರವೇ ಇರಬೇಕು ಅಂತ ಅನಿಸಿತು. ನಾನು ಕೊಟ್ಟ ಹೇಳಿಕೆ ಕಡೂರು ದಾಟಿ, ಬೆಂಗಳೂರು ದಾಟಿ, ದೆಹಲಿಯ ಮೇಜಿನ ಮೇಲೆ ಹೋಗಿ ಕೂತಿದೆ! ಅಲ್ಲಿ ಅಷ್ಟು ದೊಡ್ಡವರು ನಿಂತು ಹೇಳಿದ ಮೇಲೆ ಸುಳ್ಳು ಹೇಗಾಗುತ್ತದೆ? ನಾನು ಬೀಗ ಹಾಕಿಯೇ ಇದ್ದಿರಬೇಕು. ಜೇಬಿನಲ್ಲಿ ಸಿಕ್ಕಿದ್ದು ಬೇರೆ ಯಾವುದೋ ಹಳೆಯದು.

ಮಲ್ಲಿಕಾಂಬಳಿಗೆ ಕೂಗಿ ಹೇಳಿದೆ, ನಮ್ಮ ಊರಿನ ವಿಷಯ ಬಂತು ಕಣೇ ಅಂತ. ಅವಳು ಒಳಗಿಂದ ಬಂದು ರೇಡಿಯೋ ಆರಿಸಿ ಹೋದಳು.

ನವೆಂಬರ್ ೧೭, ಭಾನುವಾರ

ನಾಳೆ ಚಿಕ್ಕಮಗಳೂರಿನ ಕೋರ್ಟಿನಲ್ಲಿ ನನ್ನ ಸಾಕ್ಷಿ. ಹಾಲಮ್ಮ ಈಗ ಸಖರಾಯಪಟ್ಟಣದಲ್ಲಿ ತೆಂಗಿನ ನಾರು ಬಡಿಯುತ್ತಾಳಂತೆ. ಬೆಳಿಗ್ಗೆ ಬಸ್ಸಿಗೆ ಬಂದು ಹಿತ್ತಲ ಬಾಗಿಲಲ್ಲಿ ಮಲ್ಲಿಕಾಂಬಳ ಹತ್ತಿರ ಅತ್ತು ಹೋಗಿದ್ದಾಳೆ. ನನಗೆ ಗೊತ್ತಾದದ್ದು ಮಧ್ಯಾಹ್ನ.

ಊಟಕ್ಕೆ ಕೂತಾಗ ಮಲ್ಲಿಕಾಂಬ ಶುರು ಮಾಡಿದಳು. "ನಾಳೆ ನಿಜ ಹೇಳ್ರಿ. ಮರ್ತಿದ್ದೆ ಅನ್ನಿ. ಕೆಲ್ಸ ಹೋದ್ರೆ ಹೋಗ್ಲಿ, ನಮ್ಮಣ್ಣನ ಮನೇಲಿ ಕಸ ಗುಡಿಸ್ಕೊಂಡಾದ್ರೂ ಇರ್ತೀನಿ."

ಸುಮ್ಮನಿರೇ ಅಂದೆ.

"ನೀವು ಹೇಳ್ದಿದ್ರೆ ನಾನೇ ಬರ್ತೀನಿ ಕೋರ್ಟಿಗೆ. ಆ ಬೀಗ ನನ್ ಕೈಗೆ ಸಿಕ್ಕಿದ್ದು. ಜಡ್ಜಿನ ಮುಂದೆ ನಿಂತು ಹೇಳ್ತೀನಿ. ಒಬ್ಬನ್ನ ಉಗಿಯಲ್ಲಿ ಬೇಯಿಸಿದ್ದು ಸಾಲದು ಅಂತ ಇನ್ನೊಬ್ಬನ್ನ ಜೈಲಲ್ಲಿ ಕೊಳೆ ಹಾಕ್ತೀರಲ್ಲ, ನಿಮ್ಗೆ ಕೈ ಹೇಗೆ ಬಂತ್ರೀ?"

ಸೆರಗು ಸಿಕ್ಕಿಸಿಕೊಂಡು, ಮೊಳೆಗೆ ನೇತು ಹಾಕಿದ್ದ ಚೀಲ ತೆಗೆದುಕೊಂಡು, ಈಗಲೇ ಬಸ್ಸಿಗೆ ಹೋಗುತ್ತೇನೆ ಅಂತ ಹೊರಟಳು. ಬಾಗಿಲಲ್ಲಿ ಅವಳ ಬಲಗೈ ಹಿಡಿದೆ. ಬಿಡಿಸಿಕೊಂಡಳು. ಮತ್ತೆ ಹಿಡಿದು ಹಿಂದಕ್ಕೆ ತಿರುಚಿದೆ. ಕೂಗಿದಳು, ಕೂಗಬೇಡ ಅಂದೆ. ಇನ್ನೂ ಸ್ವಲ್ಪ ತಿರುಚಿದೆ. ಮೊಳಕೈ ಹತ್ತಿರ ಲಟಕ್ಕನೆ ಶಬ್ದ ಬಂತು. ಕೆಳಗೆ ಕೂತುಬಿಟ್ಟಳು.

ಸಿಟ್ಟಿನಿಂದ ಮಾಡಿದ್ದಲ್ಲ, ಅದನ್ನು ಇಲ್ಲಿ ಬರೆದಿಡಬೇಕು. ಮನಸ್ಸು ತಣ್ಣಗೇ ಇತ್ತು. ಹಿರೇನಲ್ಲೂರಿನಿಂದ ಮೂಳೆ ಕಟ್ಟುವ ಚಿಕ್ಕಬೀರಪ್ಪನನ್ನು ಕರೆಸಿದೆ. ಬಚ್ಚಲಲ್ಲಿ ಜಾರಿದಳು ಅಂದೆ. ಅವನು ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾ, "ಜಾರಿ ಬಿದ್ರೆ ಮೂಳೆ ಹಿಂಗ್ ಮುರಿಯಾಕಿಲ್ಲ ಯಜಮಾನ್ರೇ" ಅಂದ. ನಿನ್ನ ಕೆಲಸ ನೀನು ಮಾಡಪ್ಪ ಅಂದೆ. ಎರಡು ತಿಂಗಳು ಅಲ್ಲಾಡಿಸಬಾರದಂತೆ.

ನವೆಂಬರ್ ೧೮, ಸೋಮವಾರ

ಸಾಕ್ಷಿ ಮುಗಿಯಿತು. ಓಬಳಪ್ಪನನ್ನು ಇಬ್ಬರು ಪೊಲೀಸರು ಎತ್ತಿಕೊಂಡೇ ಬಂದರು, ಅವನಿಗೆ ನಿಲ್ಲಲು ಆಗುವುದಿಲ್ಲ. ಒಂದು ಕಿವಿ ಕೇಳುವುದಿಲ್ಲವಂತೆ, ಯಾರಾದರೂ ಮಾತಾಡಿದರೆ ತಲೆ ಓರೆ ಮಾಡುತ್ತಾನೆ.

ಬೀಗ ಹಾಕಿದ್ದೆ ಅಂದೆ. ಕೀ ಇಟ್ಟುಕೋ ಅಂತ ನಾನು ಹೇಳಿರಲಿಲ್ಲ ಅಂದೆ. ಅವನಿಗೆ ವಕೀಲರು ಅಂತ ಕೊಟ್ಟಿದ್ದವರು ಕನ್ನಡಕ ಒರೆಸಿಕೊಂಡು ಪ್ರಶ್ನೆ ಇಲ್ಲ ಅಂದರು. ಆಗ ಓಬಳಪ್ಪ, ನಾನೊಂದು ಕೇಳ್ಲಾ ಬುದ್ಧೀ ಅಂತ ಜಡ್ಜಿಗೆ ಕೈಮುಗಿದ. ಕೇಳು ಅಂದರು.

"ಸ್ವಾಮಿ, ಹನ್ನೊಂದ್ ವರ್ಷ ನಾನ್ ದೂರದಾಗೆ ನಿಂತು ಬಾವುಟ ಎತ್ತಿದ್ರೆ ನೀವು ಬಂದು ನೋಡ್ಲಿಲ್ಲ, ನಂಬಿದ್ರಿ. ಇವತ್ತು ನಿಮ್ ಮಾತು ನಾನ್ ನಂಬ್ತೀನಿ. ನೀವೊಂದ್ಸಲ ನನ್ ಮುಖ ನೋಡ್ಕಂಡ್ ಹೇಳಿ. ಬೀಗ ಹಾಕಿದ್ರಾ?"

ನೋಡಿದೆ. "ಹಾಕಿದ್ದೆ" ಅಂದೆ.

"ಹಂಗಾರೆ ಸರಿ ಬುದ್ಧೀ," ಅಂತ ಅವನು ಜಡ್ಜಿಗೆ ಹೇಳಿದ. "ನಂದೇನೂ ಇಲ್ಲ."

ಹೊರಗೆ ಹಾಲಮ್ಮ ಮಣ್ಣು ತೂರಿದಳು. ಒಂದಿಷ್ಟು ಕಣ್ಣಿಗೆ ಬಿತ್ತು, ತೊಳೆದುಕೊಂಡೆ.

ನವೆಂಬರ್ ೨೯, ಶುಕ್ರವಾರ

ಎರಡು ಸುದ್ದಿ. ಓಬಳಪ್ಪನಿಗೆ ಏಳು ವರ್ಷ. ಮಧ್ಯಾಹ್ನದ ಟಪಾಲಿನಲ್ಲಿ ನನ್ನ ಆರ್ಡರು: ನಿಷ್ಠೆಯಿಂದ ಸೇವೆ ಸಲ್ಲಿಸಿದ್ದಕ್ಕಾಗಿ ಬಡ್ತಿ, ತರೀಕೆರೆ ಸ್ಟೇಷನ್ ಮಾಸ್ಟರ್. ಹನ್ನೊಂದು ವರ್ಷ! ದೇವರು ಇದ್ದಾನೆ.

ಸ್ಟೇಷನ್ನಿನಲ್ಲಿ ಎಲ್ಲರಿಗೂ ಪೇಡೆ ಹಂಚಿಸಿದೆ. ಬಸವರಾಜ ಎರಡು ಕೈಯಲ್ಲಿ ತೆಗೆದುಕೊಂಡ. ಮನೆಗೆ ಬಂದು ಆರ್ಡರನ್ನು ಮಲ್ಲಿಕಾಂಬಳಿಗೆ ಓದಿ ಹೇಳಿದೆ, ಎರಡು ಸಲ. ಇನ್ನು ನಿಮ್ಮ ಅಣ್ಣಂದಿರು ಪ್ಲಾಟ್‌ಫಾರಮ್ಮಿಗೆ ಬಂದರೆ ನನ್ನನ್ನು ಕಂಡು ಎದ್ದು ನಿಲ್ಲಬೇಕು ಕಣೇ ಅಂದೆ. ಅವಳು ಮಣೆ ಹಾಕಿದಳು, ತಟ್ಟೆ ಇಟ್ಟಳು. ಹನ್ನೆರಡು ದಿನದಿಂದ ಈ ಮನೆಯಲ್ಲಿ ಮಾತಿಲ್ಲ. ನಾನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಹೆಂಗಸರ ಮುನಿಸು ಎಷ್ಟು ದಿನ.

ಅನ್ನ ಹಾಕುವಾಗ ನೋಡುತ್ತೇನೆ, ಎಡಗೈಯಲ್ಲಿ ಬಡಿಸುತ್ತಿದ್ದಾಳೆ! ಇಷ್ಟು ದೊಡ್ಡ ದಿನ, ಗಂಡನ ತಟ್ಟೆಗೆ ಎಡಗೈಯಲ್ಲಿ ಯಾರಾದರೂ ಬಡಿಸುತ್ತಾರೆಯೆ? "ಅಪಶಕುನದವಳೇ, ಬಲಗೈಗೇನೇ ರೋಗ ಬಂದಿದೆ?" ಅಂತ ಗದರಿದೆ.

ಅವಳು ಸೌಟು ಹಿಡಿದುಕೊಂಡೇ ನನ್ನ ಮುಖ ನೋಡುತ್ತಾ ನಿಂತಳು.

ಏನೇ ಹಾಗೆ ನೋಡ್ತೀಯ, ಸಾರು ಹಾಕು ಅಂದೆ.